ವಿಳಾಸದ ಸಾಲು

ಹೆತ್ತವರೆಲ್ಲ ಆ ಕಡೆ ನಿಲ್ಲಬೇಕು ಸಾರ್ ಎಂದು ಗೇಟಿನಲ್ಲಿದ್ದ ಕಾವಲಿನವನು ತಮಿಳಿನಲ್ಲಿ ಹೇಳಿ ರಸ್ತೆಯಾಚೆಯ ಬೇವಿನ ಮರ ತೋರಿಸಿದಾಗ ಈಶ್ವರನ್ ಎದುರಾಡದೆ ಆ ಕಡೆ ನಡೆದುಬಿಟ್ಟ. ಜೇಬಿನಿಂದ ಹಾಲ್ ಟಿಕೆಟ್ ತೆಗೆದು, ನಾನೂ ನೀಟ್ ಬರೆಯುವವನೇ ಎಂದು ಹೇಳುವುದಕ್ಕೆ ಎಷ್ಟು ಹೊತ್ತು ಬೇಕಿತ್ತು. ಆದರೆ ಸಾಲಿನಲ್ಲಿದ್ದ ಹದಿನೇಳು ಹದಿನೆಂಟರ ಮಕ್ಕಳು ತಿರುಗಿ ನೋಡುತ್ತಿದ್ದರು. ನಲವತ್ತಾರು ವರ್ಷದ, ಕಿವಿಯ ಮೇಲೆ ನರೆತ ಗಂಡಸು ತಮ್ಮ ಹಿಂದೆ ಯಾಕೆ ನಿಂತಿದ್ದಾನೆಂದು ಅವರಿಗೆ ಅರ್ಥವಾಗಿರಲಿಲ್ಲ. ಮರದ ಕೆಳಗೆ ಹೋಗಿ ನಿಂತ ಮೇಲೆ ಅವನಿಗೆ ಒಂದು ಬಗೆಯ ಹಾಯೆನಿಸಿತು. ಇಲ್ಲಿ ಅವನೂ ಒಬ್ಬ ತಂದೆ. ಮೇ ತಿಂಗಳ ಭಾನುವಾರ, ಹನ್ನೆರಡೂವರೆಯ ಬಿಸಿಲು ಪೆರುಮಾನಲ್ಲೂರು ರಸ್ತೆಯ ಟಾರಿನ ಮೇಲೆ ನೀರಿನಂತೆ ಅಲುಗಾಡುತ್ತಿತ್ತು. ಎದುರಿನ ಬನಿಯನ್ ಕಂಪನಿಯ ಬಾಗಿಲು ಮುಚ್ಚಿತ್ತು. ಒಬ್ಬ ತಾಯಿ ಮಗಳ ಕಿವಿಯೋಲೆ ಬಿಚ್ಚಿ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದಳು. ಮೂಗುಬೊಟ್ಟು ಬಿಚ್ಚಲು ಬಾರದ ಇನ್ನೊಬ್ಬಳ ಮೂಗಿನ ಮೇಲೆ ಪ್ಲಾಸ್ಟರ್ ತುಂಡು. ತುಂಬುತೋಳಿನ ಅಂಗಿ ತೊಟ್ಟು ಬಂದವನೊಬ್ಬನ ತೋಳನ್ನು ಅವನ ಅಪ್ಪ ಅಂಗಡಿಯಿಂದ ಕತ್ತರಿ ತಂದು ಮೊಣಕೈವರೆಗೆ ಕತ್ತರಿಸಿ ಹಾಕುತ್ತಿದ್ದ, ಮಗ ಕೈ ಚಾಚಿ ಕೊಟ್ಟು ಬೇರೆಲ್ಲೋ ನೋಡುತ್ತಿದ್ದ. ಮೆಡಿಕಲ್ ಕಾಲೇಜಿನ ಒಂದು ಸೀಟಿಗೆ ಎಷ್ಟು ಮಂದಿ ಎಂದು ಲೆಕ್ಕ ಹಾಕುವ ಚಾಳಿ ಅವನಿಗೆ ಅಂಟಿ ಬಹಳ ದಿನವಾಗಿತ್ತು. ಈಗ ಆ ಲೆಕ್ಕಕ್ಕೆ ಮೂಗು ಕಿವಿ ತೋಳು ಬಂದುಬಿಟ್ಟವು.

ಇದೇ ಹೊತ್ತಿಗೆ ಕೊಯಮತ್ತೂರಿನ ಇನ್ಯಾವುದೋ ಶಾಲೆಯ ಮುಂದೆ ಮಗಳು ಕಾರ್ತಿಕಾ ಹೀಗೆಯೇ ಕೈ ಚಾಚಿ ನಿಂತಿರುತ್ತಾಳೆ. ಜೊತೆಗೆ ತಾಯಿ ರುಕ್ಮಣಿ ಹೋಗಿದ್ದಾಳೆ. ಮಗಳ ಪರೀಕ್ಷೆಯ ದಿನವೇ ಯಾವ ತಂದೆಗಾದರೂ ತಿರುಪ್ಪೂರಿನಲ್ಲಿ ನೂಲಿನ ಕಂಪ್ಲೇಂಟ್ ನೋಡುವ ಕೆಲಸ ಬರುತ್ತದೆಯೇ ಎಂದು ಹೆಂಡತಿ ಎರಡು ಸಲ ಕೇಳಿದ್ದಳು. ಅವನು ಮಿಲ್ಲಿನ ನೂಲು ಪರೀಕ್ಷೆ ವಿಭಾಗದ ಮೇಲ್ವಿಚಾರಕ. ನೂಲಿಗೆ ಎಷ್ಟು ಬಲವಿದೆ, ಎಲ್ಲಿ ಹರಿಯುತ್ತದೆ ಎಂದು ನೋಡುವುದು ಇಪ್ಪತ್ತು ವರ್ಷದ ಕೆಲಸ. ಸುಳ್ಳಿಗೂ ಅದೇ ನೂಲು ಒದಗಿತು. ಬೆಳಿಗ್ಗೆ ಸಿಂಗಾನಲ್ಲೂರಿನ ಮನೆಯ ಬಾಗಿಲಲ್ಲಿ ಕಾರ್ತಿಕಾ ಬಗ್ಗಿ ಅವನ ಕಾಲು ಮುಟ್ಟಿದಾಗ ಚೆನ್ನಾಗಿ ಬರಿ ಕಣ್ಣು ಎಂದು ಮುದ್ದಿನಿಂದ ಹೇಳಿದ್ದ. ಆ ಮಾತು ಬಾಯಿಂದ ಹೊರಡುವಾಗಲೇ ಅದರಲ್ಲಿ ಅರ್ಧ ತನಗೆ ತಾನೇ ಹೇಳಿಕೊಂಡದ್ದು ಎಂದು ಅವನಿಗೆ ತಿಳಿದಿತ್ತು. ಮಗಳಿಗೆ ಹೇಳಿಕೊಡುವ ನೆಪದಲ್ಲಿ ಪುಸ್ತಕ ತೆರೆದವನು ಅವನು. ತೊಂಬತ್ತಾರರಲ್ಲಿ ಅಂದಿನ ಎಂಟ್ರನ್ಸ್ ಬರೆದು ಒಂದೂವರೆ ಅಂಕಕ್ಕೆ ಜಾರಿ ಮಿಲ್ಲು ಸೇರಿದವನಿಗೆ, ಜೀವಕೋಶದ ಚಿತ್ರ ಕಂಡಾಗ ಮುಚ್ಚಿದ ಅಂಗಡಿಯ ಬಾಗಿಲು ತೆರೆದಂತಾಯಿತು. ಭಾನುವಾರ ಮಧ್ಯಾಹ್ನ ಊಟದ ಮೇಜಿನ ಆ ಬದಿ ಅವಳು, ಈ ಬದಿ ಅವನು, ನಡುವೆ ಗಡಿಯಾರ, ಇಬ್ಬರಿಗೂ ಒಂದೇ ಮಾದರಿ ಪ್ರಶ್ನೆಪತ್ರಿಕೆ. ಮೊದಲ ತಿಂಗಳು ಅವನು ಸೋಲುತ್ತಿದ್ದ, ಅವಳು ನಗುತ್ತಿದ್ದಳು. ಆಮೇಲೆ ಒಂದು ಭಾನುವಾರ ಅವಳಿಗೆ ನಾನೂರ ಎರಡು, ಅವನಿಗೆ ನಾನೂರ ಎಂಬತ್ತಾರು. ಅವಳು ತಾನೇ ಅವನ ಪತ್ರಿಕೆ ತಿದ್ದಿ, ಕೂಡಿಸಿ, ಮತ್ತೊಮ್ಮೆ ಕೂಡಿಸಿ, ಪೆನ್ನು ಮುಚ್ಚಿಟ್ಟು, "ಅಪ್ಪಾ, ಇದು ನಿಂಗೇ ಬತ್ತದೆ" ಎಂದಳು. ಸಿಟ್ಟಿರಲಿಲ್ಲ ಅದರಲ್ಲಿ. ಮುಂದಿನ ಭಾನುವಾರದಿಂದ ಕೋಣೆಯ ಬಾಗಿಲು ಮುಚ್ಚಿ ಓದತೊಡಗಿದಳು. ಆ ದಿನವೇ ಅವನು ಪುಸ್ತಕ ಮುಚ್ಚಬಹುದಿತ್ತು. ಮುಚ್ಚಲಿಲ್ಲ. ಮಿಲ್ಲಿನ ಊಟದ ಬಿಡುವಿನಲ್ಲಿ, ನೂಲಿನ ಉಂಡೆಗಳ ನಡುವೆ, ಕಳ್ಳನ ಹಾಗೆ ಓದಿದ. ಸೀಟು ಬೇಡ, ನನ್ನ ಅಂಕ ಎಷ್ಟೆಂದು ನೋಡಬೇಕು ಅಷ್ಟೆ ಎಂದು ತನಗೇ ಹೇಳಿಕೊಂಡು ಅರ್ಜಿ ಹಾಕಿ, ಮಗಳು ಪರೀಕ್ಷಾ ಕೇಂದ್ರಕ್ಕೆ ಕೊಯಮತ್ತೂರು ಕೇಳಿದ್ದರಿಂದ ತಾನು ತಿರುಪ್ಪೂರು ಕೇಳಿದ.

"ಅದೇ ಕಣೇ, ಯಾರನ್ನಾದ್ರೂ ಒಂದು ಸಲ ಕೇಳಿಬಿಡಣ. ಕೇಳಿದ್ರೆ ಏನು ಕಮ್ಮಿಯಾಗ್ತದೆ?"

ಮರದ ಇನ್ನೊಂದು ಬದಿಯಿಂದ ಬಂದ ಕನ್ನಡಕ್ಕೆ ಈಶ್ವರನ್ ತಿರುಗಿ ನೋಡಿದ. ಮನೆಯೊಳಗಿನ ಮಾತು ಬೀದಿಯಲ್ಲಿ ಕೇಳಿದಾಗ ಯಾವಾಗಲೂ ಹೀಗೆಯೇ, ಒಳಗಿನ ಬಟ್ಟೆ ಹೊರಗೆ ಹಾರಿ ಬಿದ್ದಂತೆ ಒಂದು ನಾಚಿಕೆ. ಶಾಲೆಯಲ್ಲಿ ಅವನನ್ನು ಕನ್ನಡಕ್ಕಾರನ್, ಕನ್ನಡದವನು, ಎಂದು ರೇಗಿಸುತ್ತಿದ್ದರು, ಅಂದಿನಿಂದ ಹೊಸಲು ದಾಟಿದರೆ ತಮಿಳೇ. ಅರವತ್ತೆಂಟೋ ಎಪ್ಪತ್ತೋ ಇರಬಹುದಾದ ಮುದುಕಿ ನೀಲಿ ಸೀರೆಯಲ್ಲಿ, ಕಂಕುಳಲ್ಲಿ ಒಂದು ಬಟ್ಟೆಯ ಚೀಲ ಅವುಚಿಕೊಂಡು ನಿಂತಿದ್ದಳು. ಪಕ್ಕದಲ್ಲಿ ಸಣಕಲು ಮೊಮ್ಮಗಳು, ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತ ಏನನ್ನೋ ನೆನಪು ಮಾಡಿಕೊಳ್ಳುತ್ತಿದ್ದಳು.

"ಅಜ್ಜಿ, ಬೋರ್ಡಲ್ಲಿ ಇರೋ ಹೆಸರೇ ಇದರಲ್ಲೂ ಇದೆ. ನಾನು ಓದಿದೀನಿ. ಸುಮ್ನಿರು ಸ್ವಲ್ಪ."

"ಕುನ್ನತ್ತೂರು ಬಸ್ಸಿನವನು ಇಳಿಸಿದ ಮಾತ್ರಕ್ಕೆ ಇದೇ ಜಾಗ ಅಂತ ನಾನು ನಂಬಲ್ಲಪ್ಪ."

ಅಜ್ಜಿ ಸುತ್ತ ನೋಡಿದಳು. ಅವಳ ಕಣ್ಣು ಈಶ್ವರನ್ ಮೇಲೆ ನಿಂತಿತು. ಇಸ್ತ್ರಿ ಮಾಡಿದ ಅಂಗಿ, ಕನ್ನಡಕ, ಮೇಷ್ಟರಂತಹ ಮುಖ. ಅವಳು ಹತ್ತಿರ ಬಂದು ತಮಿಳಿಗೆ ತಿರುಗಿ, ಇದು ಇದೇ ಸ್ಕೂಲಾ ಒಂಚೂರು ನೋಡಿ ಸಾರ್, ನನಗೆ ಓದಲು ಬಾರದು, ಇವಳು ತೆನ್ಮೊಳಿ, ನನ್ನ ಮಗನ ಮಗಳು, ಸರ್ಕಾರಿ ಶಾಲೆಯಲ್ಲಿ ಓದಿದವಳು, ಎಂದು ಒಂದೇ ಉಸಿರಿಗೆ ಹೇಳಿ ಹಾಲ್ ಟಿಕೆಟ್ ಅವನ ಕೈಗೆ ಕೊಟ್ಟಳು. ಮೊಮ್ಮಗಳು ಬೇಸರದಿಂದ ಬೇರೆ ಕಡೆ ತಿರುಗಿದಳು. ಶಾಲೆಯ ಹೆಸರು ಸರಿಯಾಗಿತ್ತು. ದಪ್ಪ ಅಕ್ಷರ, ಎದುರಿನ ಕಮಾನಿನ ಮೇಲಿದ್ದದ್ದೇ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ವಿಳಾಸದ ಸಾಲು, ಅದರಲ್ಲಿ ಧಾರಾಪುರಂ ರಸ್ತೆ ಎಂದಿತ್ತು. ಒಂದೇ ಹೆಸರಿನ ಎರಡು ಶಾಲೆ. ಇದು ಪೆರುಮಾನಲ್ಲೂರು ರಸ್ತೆ, ಅದು ಊರಿನ ಇನ್ನೊಂದು ತುದಿಯಲ್ಲಿ, ರೈಲ್ವೆ ಮೇಲ್ಸೇತುವೆ ದಾಟಿ ಎಷ್ಟೋ ದೂರ. ಸಮಯ ಹನ್ನೆರಡು ಮುಕ್ಕಾಲು. ಒಂದೂವರೆಗೆ ಗೇಟು ಮುಚ್ಚುತ್ತದೆ. ಅವನ ಬೈಕು ಹತ್ತು ಹೆಜ್ಜೆಯಲ್ಲಿತ್ತು. ಇವಳನ್ನು ಕೂರಿಸಿಕೊಂಡು ಹೋಗಿ ಬಿಟ್ಟು ಬರುವುದೆಂದರೆ ತನ್ನ ಗೇಟು ಮುಚ್ಚಿರುತ್ತದೆ. ಇಷ್ಟೆಲ್ಲವೂ ಒಂದು ರೆಪ್ಪೆ ಬಡಿಯುವಷ್ಟರಲ್ಲಿ ಅವನೊಳಗೆ ನಡೆದುಹೋಯಿತು. ಆಮೇಲೆ ಎಷ್ಟೋ ಸಲ ಆ ಕ್ಷಣಕ್ಕೆ ಹಿಂತಿರುಗಿ ಹೋಗಿ, ನಾನು ಸರಿಯಾಗಿ ನೋಡಿರಲಿಲ್ಲ, ಕನ್ನಡಕದ ಮೇಲೆ ಬೆವರಿತ್ತು ಎಂದು ಸಾಧಿಸಲು ನೋಡಿದ. ಆಗಲಿಲ್ಲ. ನೋಡಿದ್ದ. ಅದರ ಜೊತೆಗೆ ಇನ್ನೊಂದು ಮಾತೂ ಒಳಗೆ ಎದ್ದಿತ್ತು, ಹಾವಿನ ತಲೆಯ ಹಾಗೆ ಸಣ್ಣಗೆ: ಒಬ್ಬಳು ಕಮ್ಮಿ. ಇಪ್ಪತ್ತು ಲಕ್ಷದಲ್ಲಿ ಒಬ್ಬಳು ಕಮ್ಮಿಯಾದರೆ ಅವನಿಗಾಗಲಿ ಕಾರ್ತಿಕಾಗಾಗಲಿ ಏನೂ ಆಗುವುದಿಲ್ಲವೆಂದು ಗೊತ್ತಿದ್ದೂ ಅದು ಎದ್ದಿತ್ತು.

"ಹೆಸರು ಅದೇ ಇದೆ," ಎಂದ ತಮಿಳಿನಲ್ಲಿ. "ಗೇಟಲ್ಲೂ ಒಂದ್ಸಲ ಕೇಳಿಕೊಳ್ಳಿ."

ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಾಗಿರಲಿಲ್ಲ. ಅಜ್ಜಿ ಕೈ ಮುಗಿದಳು. "ನೋಡ್ದ್ಯಾ, ಆ ಸಾರ್ ಸರಿ ಅಂದ್ರು," ಎಂದು ಮೊಮ್ಮಗಳಿಗೆ ಕನ್ನಡದಲ್ಲಿ ಹೇಳಿದಳು.

ಅವರು ಹುಡುಗಿಯರ ಉದ್ದನೆಯ ಸಾಲು ಸೇರಿಕೊಂಡ ಮೇಲೆ ಅವನು ಗಡಿಯಾರ ಬಿಚ್ಚಿ, ಫೋನು ಆರಿಸಿ, ಎರಡನ್ನೂ ಬೈಕಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ. ಹಾಲ್ ಟಿಕೆಟ್ ಕೈಯಲ್ಲಿ ಹಿಡಿದು ಹುಡುಗರ ಸಾಲಿಗೆ ಹೋದ. ಹೆತ್ತವರು ಆ ಕಡೆ ಎಂದು ಕಾವಲಿನವನು ಮತ್ತೆ ಶುರು ಮಾಡಿದ, ಚೀಟಿ ನೋಡಿ ಬಾಯಿ ಮುಚ್ಚಿದ. ಮುಂದಿದ್ದ ಇಬ್ಬರು ಹುಡುಗರು ಒಬ್ಬರನ್ನೊಬ್ಬರು ನೋಡಿ ನಗು ನುಂಗಿದರು. ಅವನಿಗೆ ಅದು ತಾಗಲಿಲ್ಲ. ಪಕ್ಕದ ಸಾಲಿನಾಚೆ ನಿಂತಿದ್ದ ಅಜ್ಜಿ ತನ್ನನ್ನು ನೋಡಿಬಿಟ್ಟಿದ್ದಾಳೆ ಎಂಬುದೊಂದೇ ತಾಗಿತು. ಅವಳ ಮುಖದಲ್ಲಿ ಬೆರಗಿತ್ತು, ಆಮೇಲೆ ಮೆಚ್ಚುಗೆ. "ಈ ವಯಸ್ಸಲ್ಲೂ ಓದ್ತಾವ್ರೆ ಕಣೇ, ನೋಡು," ಎಂದು ಮೊಮ್ಮಗಳ ಬೆನ್ನು ತಟ್ಟಿದಳು. ತೆನ್ಮೊಳಿ ತಿರುಗಿ ಅವನನ್ನು ನೋಡಿ, ಮೊದಲ ಸಲ, ಸ್ವಲ್ಪ ನಕ್ಕಳು. ಅವನು ಮುಂದಿದ್ದ ಹುಡುಗನ ಬೆನ್ನಿನ ಮೇಲಿನ ಬೆವರಿನ ಕಲೆ ನೋಡುತ್ತ ನಿಂತ.

ತಪಾಸಣೆ ಮುಗಿಸಿ ಒಳಗಿನ ಅಂಗಳದಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಗೇಟಿನ ಹತ್ತಿರ ಮಾತು ಏರಿದ್ದು ಕೇಳಿಸಿತು. ಹಾಲ್ ಟಿಕೆಟ್ ಸ್ಕ್ಯಾನ್ ಮಾಡುತ್ತಿದ್ದವಳು ತಲೆಯಾಡಿಸುತ್ತಿದ್ದಳು. ತೆನ್ಮೊಳಿ ಚೀಟಿಯನ್ನು ಮುಖಕ್ಕೆ ಹತ್ತಿರ ತಂದು ಓದಿದಳು, ಒಮ್ಮೆ ಕಮಾನಿನ ಕಡೆ ನೋಡಿದಳು, ಮತ್ತೆ ಓದಿದಳು. ಗೋಡೆಯ ಗಡಿಯಾರದಲ್ಲಿ ಒಂದು ಗಂಟೆ ನಾಲ್ಕು ನಿಮಿಷ. ಈಗಲೂ ಆಗುತ್ತದೆ, ಬೈಕನ್ನು ಅಟ್ಟಿಸಿದರೆ ಆಗಬಹುದು ಎಂದು ಅವನ ಕಾಲು ಎರಡು ಹೆಜ್ಜೆ ಗೇಟಿನ ಕಡೆ ಹೋಯಿತು. "ಸಾರ್, ಹೊರಗೆ ಹೋದ್ರೆ ಮತ್ತೆ ಒಳಗೆ ಬಿಡಲ್ಲ," ಎಂದ ಕಾನ್‌ಸ್ಟೇಬಲ್, ಮರ್ಯಾದೆಯಿಂದಲೇ. ಅಷ್ಟೇ ಸಾಕಾಗಿತ್ತು ಅವನಿಗೆ. ಯಾರೋ ತಡೆದರು ಎಂಬಂತೆ ನಿಂತುಬಿಟ್ಟ. ಅಜ್ಜಿ ರಸ್ತೆಯ ನಡುವೆ ನಿಂತು ಹೋಗಿಬರುವ ಗಾಡಿಗಳಿಗೆಲ್ಲ ಕೈ ಅಡ್ಡ ಹಿಡಿಯುತ್ತಿದ್ದದ್ದು ಕಂಬಿಗಳ ಸಂದಿಯಿಂದ ಕಂಡಿತು. ಮರದ ಕೆಳಗಿನಿಂದ ಒಬ್ಬ ಹೆಂಗಸು, ಆ ಮೂಗಿನ ಮೇಲೆ ಪ್ಲಾಸ್ಟರಿದ್ದ ಹುಡುಗಿಯ ತಾಯಿ ಇರಬೇಕು, ಒಂದು ಮಾತೂ ಕೇಳದೆ ತನ್ನ ಸ್ಕೂಟರ್ ತಿರುಗಿಸಿ ತೆನ್ಮೊಳಿಯನ್ನು ಹಿಂದೆ ಕೂರಿಸಿಕೊಂಡು ಹೋದಳು. ಅವನು ಕೊಠಡಿಯ ಸಂಖ್ಯೆ ಹುಡುಕಿಕೊಂಡು ಮೆಟ್ಟಿಲು ಹತ್ತಿದ.

ಎರಡಕ್ಕೆ ಗಂಟೆ ಹೊಡೆಯಿತು. ಇಪ್ಪತ್ತನಾಲ್ಕು ಮಂದಿ ಒಟ್ಟಿಗೆ ಹಾಳೆ ತಿರುಗಿಸಿದ ಸದ್ದು ಗುಬ್ಬಿಗಳು ಹಾರಿದಂತಿತ್ತು. ಓದಿದ್ದೆಲ್ಲ ಮರೆತುಹೋಗುತ್ತದೆಂದುಕೊಂಡಿದ್ದ, ಮರೆಯಲಿಲ್ಲ. ಅದೇ ಅವನಿಗೆ ದೊಡ್ಡ ಹಿಂಸೆಯಾಯಿತು. ಸಸ್ಯಶಾಸ್ತ್ರದ ಪ್ರಶ್ನೆಗಳು ತಾವಾಗಿ ಬಂದು ಅಂಗೈಯಲ್ಲಿ ಕೂತವು, ಪೆನ್ನು ಉತ್ತರದ ಹಾಳೆಯ ಒಂದೊಂದೇ ಸೊನ್ನೆಯನ್ನು ತುಂಬುತ್ತ ಹೋಯಿತು, ಆ ಕೈ ಬೇರೆ ಯಾರದೋ, ಯಾವ ತಪ್ಪನ್ನೂ ಮಾಡದವರದು ಎಂಬಂತೆ. ಎಡಕ್ಕೆ ಕೂತಿದ್ದ ಹುಡುಗಿ ಪ್ರತಿ ಉತ್ತರಕ್ಕೂ ಮುಂಚೆ ಹೆಬ್ಬೆರಳನ್ನು ಹಣೆಗೆ ಒತ್ತಿಕೊಳ್ಳುತ್ತಿದ್ದಳು. ಮುಂದಿನ ಹುಡುಗನ ಕುತ್ತಿಗೆಯಲ್ಲಿ ಹೊಸದಾಗಿ ಕ್ಷೌರ ಮಾಡಿಸಿದ ಬಿಳಿ ಗೆರೆ. ಯಾರೋ ನಿನ್ನೆ ಅವನನ್ನು ಅಂಗಡಿಗೆ ಕರೆದುಕೊಂಡು ಹೋಗಿ ಕೂರಿಸಿದ್ದಾರೆ. ಇವರಲ್ಲಿ ಯಾರನ್ನೂ ತಾನು ಇದುವರೆಗೆ ಸರಿಯಾಗಿ ನೋಡಿರಲಿಲ್ಲ. ಎಂಬತ್ತನೆಯ ಪ್ರಶ್ನೆಯ ಹತ್ತಿರ ಅವನಿಗೆ ಥಟ್ಟನೆ ಒಂದು ಹೊಳೆದು ಪೆನ್ನು ನಿಂತುಹೋಯಿತು. ತೆನ್ಮೊಳಿಯನ್ನು ಅಲ್ಲಿ ಬಿಟ್ಟು ಬರಬೇಕು ಎಂದು ಅವನನ್ನು ಯಾರೂ ಕೇಳಿರಲಿಲ್ಲ. ಇದು ಆ ಶಾಲೆಯಲ್ಲ, ಧಾರಾಪುರಂ ರಸ್ತೆಗೆ ಹೋಗಿ ಎಂದಿದ್ದರೆ ಸಾಕಿತ್ತು. ಆಗಿನ್ನೂ ಮರದ ಪಕ್ಕದಲ್ಲೇ ಮೂರು ಆಟೋ ನಿಂತಿದ್ದವು, ಮುಕ್ಕಾಲು ಗಂಟೆ ಸಮಯವಿತ್ತು. ಒಂದು ಮಾತಿಗಾಗಿ ಅವನು ಕೊಡಬೇಕಾಗಿದ್ದದ್ದು ಏನೂ ಇರಲಿಲ್ಲ. ಕಾರ್ತಿಕಾಗೆ ಬಾಗಿಲು ತಟ್ಟಿ, ನಾನೂ ಅರ್ಜಿ ಹಾಕಿದೀನಿ ಕಣ್ಣು ಎಂದು ಹೇಳುವುದಕ್ಕೂ ಹೀಗೆಯೇ ಒಂದು ಮಾತು ಬೇಕಿತ್ತು. ಮಿಕ್ಕದ್ದನ್ನೆಲ್ಲ ಖಾಲಿ ಬಿಟ್ಟುಬಿಡಬೇಕೆನಿಸಿತು. ಹತ್ತು ನಿಮಿಷ ಕೈಕಟ್ಟಿ ಕೂತ. ಕೊಠಡಿಯ ಮೇಲ್ವಿಚಾರಕಿ ಬಂದು ಬಗ್ಗಿ, "ಮೈ ಹುಷಾರಿಲ್ವಾ ಸಾರ್? ನೀರು ಬೇಕಾ?" ಎಂದು ಪಿಸುಗುಟ್ಟಿದಳು. ಆ ಕನಿಕರ ಮೈಮೇಲೆ ಬಿದ್ದ ಕೂಡಲೇ ಅವನಿಗೆ ತಿಳಿಯಿತು, ಖಾಲಿ ಬಿಟ್ಟ ಸೊನ್ನೆಗಳಿಂದ ಆ ಹುಡುಗಿಗೆ ಏನೂ ಸಿಗುವುದಿಲ್ಲ, ಅವನಿಗೆ ಮಾತ್ರ ಒಂದು ಕಥೆ ಸಿಗುತ್ತದೆ, ತಾನೇ ತನಗೆ ಹೇಳಿಕೊಂಡು ಸಮಾಧಾನ ಪಡುವಂಥ ಕಥೆ. ಬೇಡ ಎಂದು ತಲೆಯಾಡಿಸಿ ಪೆನ್ನು ತೆಗೆದುಕೊಂಡ. ನೂರ ಎಂಬತ್ತನ್ನೂ ತುಂಬಿದ.

ಐದಕ್ಕೆ ಪ್ರಶ್ನೆಪತ್ರಿಕೆ ಹಿಡಿದು ಹೊರಬಂದಾಗ ಅಜ್ಜಿ ಅದೇ ಬೇವಿನ ಮರದ ಬುಡದಲ್ಲಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಹೊರಬರುತ್ತಿದ್ದ ಮಕ್ಕಳ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದಳು, ತನ್ನವಳು ಇಲ್ಲಿಂದ ಬರುವುದಿಲ್ಲವೆಂದು ಗೊತ್ತಿದ್ದೂ. ಅವನು ಎದುರು ಹೋಗಿ ನಿಂತ.

"ಅಮ್ಮಾ, ಹುಡುಗಿ ಹೋಗಿ ತಲುಪಿದ್ಲಾ?"

ಕನ್ನಡ ಕೇಳಿ ಅವಳು ಕತ್ತೆತ್ತಿದಳು. "ನೀನೂ ನಮ್ಮೋನಾ ತಂಬಿ? ಆವಾಗ ಹೇಳ್ಲೇ ಇಲ್ವಲ್ಲ." ತುಸು ಹೊತ್ತು ಅವನ ಮುಖ ನೋಡಿದಳು. "ಗೊತ್ತಿಲ್ಲ. ಸ್ಕೂಟರಿನ ಆವಮ್ಮ ಬಿಟ್ಟುಬಂದು, ಗೇಟಿನ ಹತ್ರ ಇಳಿಸ್ದೆ ಅಂದ್ಲು. ಅವಳ ಮಗಳು ಇಲ್ಲೇ ಒಳಗಿದ್ಳು, ನಿಲ್ಲಕ್ಕಾಗ್ಲಿಲ್ಲ. ನಮ್ಮ ಹುಡುಗಿ ಫೋನು ಈ ಚೀಲದಲ್ಲೇ ಇದೆ. ಬರಲಿ ಅಂತ ಕೂತಿದೀನಿ."

"ಬನ್ನಿ, ನಾನು ಕರ್ಕೊಂಡು ಹೋಗ್ತೀನಿ."

ಸಾಮಿಯಾತಾಳ್ ಎಂಬುದು ಅವಳ ಹೆಸರೆಂದು ದಾರಿಯಲ್ಲಿ ತಿಳಿಯಿತು. ಬೈಕಿನ ಹಿಂದೆ ಒಂದು ಬದಿಗೆ ಕೂತು, ಅವನ ಹೆಗಲನ್ನು ಗಟ್ಟಿಯಾಗಿ ಹಿಡಿದು ಉದ್ದಕ್ಕೂ ಮಾತಾಡಿದಳು. ತೆನ್ಮೊಳಿ ಹುಟ್ಟಿದಾಗ ತಾಯಿಗೆ ಹೆರಿಗೆಯಲ್ಲಿ ಕಷ್ಟವಾದದ್ದು, ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಹೋಗಿಬಿಟ್ಟದ್ದು, ಅದನ್ನು ಕೇಳಿ ಬೆಳೆದವಳು ಐದನೇ ಕ್ಲಾಸಿನಿಂದಲೇ ಡಾಕ್ಟರ್ ಎನ್ನುತ್ತಿದ್ದದ್ದು. ಮೇಲ್ಸೇತುವೆಯ ಮೇಲೆ ಭಾನುವಾರದ ಸಂತೆಗೆ ಹೊರಟ ಗಾಡಿಗಳು ಒತ್ತಿಕೊಂಡು ನಿಂತಿದ್ದವು. ಮಧ್ಯಾಹ್ನವೂ ಹೀಗೆಯೇ ನಿಂತಿರಬೇಕು. ಆ ಹೆಂಗಸಿನ ಸ್ಕೂಟರ್ ಇಲ್ಲಿ ಎಷ್ಟು ಹೊತ್ತು ನಿಂತಿತೋ ಎಂದು ಅವನು ಲೆಕ್ಕ ಹಾಕುತ್ತಿದ್ದ. ಹೆಗಲ ಮೇಲಿನ ಆ ಕೈ ಇಷ್ಟು ನಂಬಿಕೆಯಿಂದ ಹಿಡಿದಿರುವಾಗ ಹೇಳುವುದು ಹೇಗೆ, ಇಳಿದ ಮೇಲೆ ಹೇಳುವುದು ಹೇಗೆ.

ಧಾರಾಪುರಂ ರಸ್ತೆಯ ಶಾಲೆಯ ಮುಂದೆ ಆಗಲೇ ಜನ ಕರಗಿದ್ದರು. ತೆನ್ಮೊಳಿ ಕಾಂಪೌಂಡಿನ ಪಕ್ಕದ ಸಿಮೆಂಟ್ ಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದಳು. ಅಳು ಯಾವಾಗಲೋ ಮುಗಿದು ಮುಖ ಒಣಗಿತ್ತು.

"ನಾಲ್ಕು ನಿಮಿಷ ತಡ ಅಜ್ಜಿ," ಎಂದಳು. "ಕಾಲಿಗೆ ಬಿದ್ದೆ. ಬಿಡ್ಲಿಲ್ಲ."

ಅಜ್ಜಿ ಅವಳ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು. ಈಶ್ವರನ್‌ಗೆ ಬೈಕ್ ಹತ್ತಿ ಹೊರಟುಬಿಡಬಹುದು ಎನಿಸಿತು. ಕರೆದುಕೊಂಡು ಬಂದ ಒಳ್ಳೆಯವನು ಎಂದೇ ಅವರು ನೆನಪಿಟ್ಟುಕೊಳ್ಳುತ್ತಾರೆ.

"ನಾನು ನೋಡಿದ್ದೆ," ಎಂದ. "ಮಧ್ಯಾಹ್ನ ನೀವು ಚೀಟಿ ಕೊಟ್ಟಾಗ. ಧಾರಾಪುರಂ ರಸ್ತೆ ಅಂತ ಇದ್ದದ್ದು ನೋಡಿದ್ದೆ."

ಅಜ್ಜಿಗೆ ಅರ್ಥವಾಗಲು ಹೊತ್ತಾಯಿತು. "ನೋಡಿಯೂ ಹೇಳ್ಲಿಲ್ವಾ?"

"ನೋಡಿಯೂ ಹೇಳ್ಲಿಲ್ಲ. ಹೇಳಿದ್ರೆ ನಾನೇ ಕರ್ಕೊಂಡು ಹೋಗ್ಬೇಕಾಗ್ತದೆ ಅಂತ ಹೆದರಿದೆ. ನನ್ನ ಪರೀಕ್ಷೆ ಹೋಗ್ತದೆ ಅಂತ."

ಸಾಮಿಯಾತಾಳ್ ಬೈಯಲಿಲ್ಲ. ಮಣ್ಣು ತೂರಿ ಶಪಿಸಲಿಲ್ಲ. ಅವನು ಅದಕ್ಕಾಗಿ ಕಾದಿದ್ದ. ಅವಳು ಬೈಕಿನ ಹತ್ತಿರ ಹೋಗಿ ಅದರ ಮೇಲಿಟ್ಟಿದ್ದ ತನ್ನ ಚೀಲವನ್ನು ತೆಗೆದುಕೊಂಡು ಬಂದು ಕಟ್ಟೆಯ ಮೇಲೆ, ಮೊಮ್ಮಗಳ ಆಚೆ ಬದಿಗೆ ಇಟ್ಟಳು. "ನಂಗೆ ಓದಕ್ಕೆ ಬರಲ್ಲ ತಂಬಿ," ಎಂದಳು. "ನಿನ್ನ ಮುಖ ನೋಡಿ ಕೇಳ್ದೆ."

ತೆನ್ಮೊಳಿ ಅವನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ದ್ವೇಷ ಹುಡುಕಿದ, ಇದ್ದೀತು, ಆದರೆ ದಣಿವು ಅದನ್ನು ಮುಚ್ಚಿತ್ತು. "ಚೆನ್ನಾಗಿ ಬರೆದ್ರಾ ಸಾರ್?" ಎಂದು ಕೇಳಿದಳು.

ಇಲ್ಲ ಎನ್ನುವುದು ಸುಲಭವಿತ್ತು. "ಹೂಂ," ಎಂದ.

"ಕೊಶ್ಚನ್ ಪೇಪರ್ ತಂದಿದೀರಾ? ಕೊಡಿ."

ಅವನು ಕೊಟ್ಟ. ಅವಳು ಭೌತಶಾಸ್ತ್ರದ ಪುಟ ತೆರೆದಳು. ಅಜ್ಜಿಯ ಚೀಲದಿಂದ ಪೆನ್ನು ತೆಗೆದಳು. "ನಲವತ್ತೈದು ಪ್ರಶ್ನೆ. ಒಂದು ಗಂಟೆ ನೋಡ್ಕೊಳ್ಳಿ," ಎಂದು ತಲೆ ಬಗ್ಗಿಸಿದಳು. ಅಜ್ಜಿ ಒಮ್ಮೆ ಬಸ್ಸು ಬರುವ ದಾರಿ ನೋಡಿ ಪಕ್ಕದಲ್ಲಿ ಕೂತಳು. ಈಶ್ವರನ್ ಪೆಟ್ಟಿಗೆಯಿಂದ ಗಡಿಯಾರ ತೆಗೆದು ಕೈಯಲ್ಲಿ ಹಿಡಿದು ನಿಂತ. ಕೂರಬೇಕೆನಿಸಲಿಲ್ಲ. ಪುಟದ ಅಂಚಿನಲ್ಲೆಲ್ಲ ಅವನ ಗೀಚುಗಳಿದ್ದವು, ಉತ್ತರಗಳ ಪಕ್ಕದಲ್ಲಿ ಅವನ ಚುಕ್ಕೆಗಳು. ಅವಳು ಅವನ್ನು ಎಡಗೈಯಿಂದ ಮುಚ್ಚಿಕೊಂಡು ತನ್ನದನ್ನು ಬರೆಯುತ್ತಿದ್ದಳು, ಆಮೇಲೆ ಕೈ ಸರಿಸಿ ಹೋಲಿಸಿ ನೋಡುತ್ತಿದ್ದಳು. ಕೆಲವು ಕಡೆ ನಿಂತಳು, ಕೆಲವನ್ನು ಬಿಟ್ಟು ಮುಂದೆ ಹೋದಳು. ಬೇಗ ಮಾಡುವವಳಾಗಿರಲಿಲ್ಲ, ಆದರೆ ಗಟ್ಟಿಯಾಗಿ ಮಾಡುತ್ತಿದ್ದಳು, ಒಂದೊಂದು ಕಲ್ಲನ್ನೂ ಅದುಮಿ ನೋಡಿ ಕಾಲಿಡುವವರಂತೆ.

"ಇದು ತಪ್ಪು ಹಾಕಿದೀರಾ," ಎಂದಳು ಸ್ವಲ್ಪ ಹೊತ್ತಿನ ಮೇಲೆ, ತಲೆ ಎತ್ತದೆ. "ಎರಡು ಬ್ಲಾಕೂ ಒಟ್ಟಿಗೆ ಜಾರ್ತವೆ. ಘರ್ಷಣೆ ಎರಡಕ್ಕೂ ತಗೋಬೇಕು."

ಅವನು ಬಗ್ಗಿ ನೋಡಿದ. ಹೌದು. ಸಂದೇಹವೇ ಇಲ್ಲದೆ ತುಂಬಿದ ಉತ್ತರ ಅದು.

ಅಷ್ಟರಲ್ಲಿ ಪೆಟ್ಟಿಗೆಯಿಂದ ತೆಗೆದು ಚಾಲೂ ಮಾಡಿದ್ದ ಫೋನು ಹೊಡೆದುಕೊಂಡಿತು. ಕಾರ್ತಿಕಾ. ಅವನು ಅಲ್ಲಿಯೇ ನಿಂತು ತೆಗೆದುಕೊಂಡ.

"ಅಪ್ಪಾ, ಎಷ್ಟು ಸಲ ಮಾಡೋದು? ಎಲ್ಲಿದೀಯ? ನಂದು ಪರವಾಯಿಲ್ಲ, ಫಿಸಿಕ್ಸ್ ಮಾತ್ರ ಸ್ವಲ್ಪ ಕಷ್ಟ ಕೊಡ್ತು. ನಿನ್ನ ಕಂಪ್ಲೇಂಟ್ ಮುಗೀತಾ?"

"ಕಂಪ್ಲೇಂಟ್ ಏನೂ ಇರ್ಲಿಲ್ಲ ಕಣ್ಣು. ನಾನೂ ಬರೆದೆ. ತಿರುಪ್ಪೂರಲ್ಲಿ. ನಿಂಗೆ ಹೇಳ್ದೆ ಅರ್ಜಿ ಹಾಕಿದ್ದೆ."

ಆ ಕಡೆ ಬಸ್ಸಿನ ಹಾರನ್ನು, ರುಕ್ಮಣಿ ಯಾರೊಂದಿಗೋ ಮಾತಾಡುವ ದನಿ. ಮಗಳು ಫೋನು ಇಟ್ಟುಬಿಟ್ಟಳೇನೋ ಎಂದು ಕಿವಿಯಿಂದ ತೆಗೆದು ನೋಡಿದ.

"ಎಷ್ಟು ಬತ್ತದೆ ನಿಂಗೆ?" ಎಂದಳು ಕೊನೆಗೆ. ದನಿ ಸಪಾಟಾಗಿತ್ತು.

"ಗೊತ್ತಿಲ್ಲ. ಫಿಸಿಕ್ಸಲ್ಲಿ ಒಂದು ತಪ್ಪಾಗಿದೆ, ಆ ಎರಡು ಬ್ಲಾಕಿಂದು."

"ಯಾರು ಹೇಳಿದ್ದು?"

"ಇಲ್ಲೊಂದು ಹುಡುಗಿ ಇದಾಳೆ. ತೆನ್ಮೊಳಿ ಅಂತ." ಅಜ್ಜಿ ಅವನ ಕಡೆ ನೋಡುತ್ತಿದ್ದಳು. ದನಿ ತಗ್ಗಿಸಲಿಲ್ಲ. "ನನ್ನಿಂದ ಅವಳ ಪರೀಕ್ಷೆ ಹೋಯ್ತು. ಬಂದು ಎಲ್ಲಾ ಹೇಳ್ತೀನಿ. ಈಗ ಬರಕ್ಕಾಗಲ್ಲ."

ಕಾರ್ತಿಕಾ ಫೋನು ಇಡಲಿಲ್ಲ. ಅವಳ ಉಸಿರು ಕಿವಿಯಲ್ಲಿ ಕೇಳಿಸುತ್ತಿತ್ತು. ಕಟ್ಟೆಯ ಮೇಲೆ ತೆನ್ಮೊಳಿ ಪುಟ ತಿರುಗಿಸಿದಳು.

"ಟೈಮ್ ಎಷ್ಟಿದೆ ಸಾರ್?"

ಅವನು ಗಡಿಯಾರ ನೋಡಿದ. "ಇಪ್ಪತ್ತೆರಡು ನಿಮಿಷ," ಎಂದ, ಇಬ್ಬರು ಹುಡುಗಿಯರಿಗೂ ಕೇಳುವ ಹಾಗೆ.